ಗೃಹಿಣೀಸೂತ್ರಭಾಷ್ಯ

ಗೃಹಸ್ಥನಾದವನು ಮಾಡತಕ್ಕ ಕರ್ಮಗಳನ್ನು ಕುರಿತು ಆಶ್ವಲಾಯನ, ಆಪಸ್ತಂಬ, ಬೋಧಾಯನ ಮೊದಲಾದ ಮಹರ್ಷಿಗಳು ಗೃಹ್ಯಸೂತ್ರಗಳನ್ನು ರಚಿಸಿ, ಅಗ್ನಿಯನ್ನು ಹೇಗೆ ಪ್ರತಿಷ್ಠಾಪಿಸಬೇಕು, ಕೂಸಿಗೆ ಎಂದು ಹೆಸರಿಡಬೇಕು, ಮನೆ ಕಟ್ಟುವ ನೆಲವನ್ನು ಯಾವ ರೀತಿಯಿಂದ ಪರೀಕ್ಷಿಸಬೇಕು ಎಂಬಿವೇ ಮುಂತಾದ ಸಂಗತಿಗಳನ್ನು ಸಂಶಯಕ್ಕೆಡೆಯಿಲ್ಲದಂತೆ ವಿಧಿಸಿ ಹೋಗಿದ್ದಾರಷ್ಟೆ. ಆದರೆ, ವಿಶ್ರಾಂತಿವೇತನವನ್ನು ಪಡೆಯುತ್ತಿರುವ ಗೃಹಸ್ಥನು ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಣ ನಾಲ್ಕು ಗಂಟೆಗಳ ಕಾಲ ಮನೆಯ ಯಾವ ಭಾಗದಲ್ಲಿದ್ದರೆ ಯಾರ ಕಾಲಿಗೂ ತೊಡರುವುದಿಲ್ಲವೆಂಬ, ಲೋಕಯಾತ್ರೆಗೆ ಅತ್ಯಂತ ಆವಶ್ಯಕವಾದ ವಿಷಯದಲ್ಲಿ ಮಾತ್ರ ಆ ಮಹರ್ಷಿಗಳೆಲ್ಲರೂ ಒಮ್ಮತದಿಂದ ಮೌನ ವಹಿಸಿದ್ದಾರೆ. ಅವರ ಕಾಲದಲ್ಲಿ ಆ ವಯಸ್ಸಿಗೆ ಬಂದವರು ವಾನಪ್ರಸ್ಥವೆಂಬ ನೆಪದಿಂದ ಕಾಡಿಗೆ ಹೊರಟುಹೋಗುತ್ತಿದ್ದುದೇ ಈ ಮೌನಕ್ಕೆ ಕಾರಣವಿರಬಹುದು. ಈಗ ಕಾಡು ದೂರವಾಗಿದೆ. ಬಸವನಗುಡಿಯಿಂದ ಹೊರಟವನಿಗೆ ಕಾಡೆಂಬುದು ಸಿಕ್ಕಬೇಕಾದರೆ ಬನ್ನೇರುಘಟ್ಟದವರೆಗೆ ಹೋಗಬೇಕು, ಅಲ್ಲಿಯೂ ಒಳಕ್ಕೆ ಹೋಗಲು ಚೀಟಿ ಕೊಳ್ಳಬೇಕು.

ಶಾಸ್ತ್ರದ ಈ ಲೋಪವನ್ನು ತುಂಬಿಕೊಡತಕ್ಕ ಸೂತ್ರವಾಙ್ಮಯವೊಂದು ನಮ್ಮ ಮನೆಯಲ್ಲಿಯೇ, ಅಡುಗೆಮನೆಯ ಹೊಸ್ತಿಲನ್ನು ಉದ್ಭವಸ್ಥಾನವನ್ನಾಗಿ ಮಾಡಿಕೊಂಡು, ಕಳೆದ 41 ವರ್ಷಗಳಿಂದ ಮೌಖಿಕವಾಗಿ ಪ್ರವರ್ತಿಸುತ್ತಿರುವುದೆಂಬುದನ್ನು ನಾನು ಗಮನಿಸಿದ್ದು ಇತ್ತೀಚೆಗೆ. ಇದರ ಕರ್ತ್ರಿ ನನ್ನ ಮನೆಯವಳು. ಸೂತ್ರವೆಂದರೆ ಅಲ್ಪಾಕ್ಷರವಾಗಿರಬೇಕೆಂಬುದು ಲಕ್ಷಣಕಾರರ ಮತ. ಪಾಣಿನಿಯು ಸಮಸ್ತ ಸಂಸ್ಕೃತ ಭಾಷೆಯನ್ನು ಹೆಚ್ಚುಕಡಮೆ ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಗಿಸಿದನೆಂದೂ, ಅರ್ಧ ಮಾತ್ರೆಯಷ್ಟು ಉಳಿತಾಯವಾದರೂ ವೈಯಾಕರಣರು ಮನೆಯಲ್ಲಿ ಗಂಡುಮಗು ಹುಟ್ಟಿದಂತೆ ಹಿಗ್ಗುವರೆಂದೂ ಕೇಳಿದ್ದೇವೆ. ಇಡೀ ಒಂದು ದಿನದ ಗೃಹಕೃತ್ಯವನ್ನು ಮೂರೇ ಸೂತ್ರಗಳಲ್ಲಿ ಮುಗಿಸುವ ನನ್ನಾಕೆಯನ್ನು ಆ ವೈಯಾಕರಣರು ಕಂಡಿದ್ದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ನಾನು ಆ ಸೂತ್ರಗಳಿಗೆ ಭಾಷ್ಯಕಾರ. ಸೂತ್ರ ಚಿಕ್ಕದಾದಷ್ಟೂ ಭಾಷ್ಯ ದೊಡ್ಡದಾಗುವುದು ನಮ್ಮ ದೇಶದ ಸಂಪ್ರದಾಯವಾದ್ದರಿಂದ, ನಮ್ಮ ಮನೆಯಲ್ಲಿ ಹೆಚ್ಚು ಮಾತನಾಡುವವನು ನಾನೇ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಸಮಾಧಾನ ಬೇಕಾಗಿಲ್ಲ.

ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನವೆಂಬ ನಾಲ್ಕು ಅನುಬಂಧಗಳನ್ನು ಹೇಳತಕ್ಕದ್ದು ಶಿಷ್ಟಾಚಾರ. ಅರವತ್ತು ದಾಟಿ, ಕಟ್ಟುಹಲ್ಲಿನ ವಿಷಯದಲ್ಲಿ ಸಂಕೋಚವನ್ನು ತೊರೆದು, ಮನೆಯಲ್ಲಿ ತನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವೆಂಬುದನ್ನು ಮನಗಂಡೂ ಹೇಳುವುದನ್ನು ಬಿಡದಿರುವ ಪುರುಷನೇ ಈ ಶಾಸ್ತ್ರಕ್ಕೆ ಅಧಿಕಾರಿ. ವಿಷಯವು ಒಂದು ದಿನ. ಸಂಬಂಧವು ಸಪ್ತಪದಿಯಿಂದ ಸಿದ್ಧವಾದದ್ದು. ಪ್ರಯೋಜನವೇನೆಂದು ಸೂತ್ರಕರ್ತ್ರಿಯನ್ನೇ ಕೇಳಲಾಗಿ, ಏನೂ ಇಲ್ಲವೆಂಬ ಉತ್ತರ ಬಂದಿತು. ಆದರೆ ಆ ವಾಕ್ಯವು ಎಲ್ಲ ಪಾಠಗಳಲ್ಲಿಯೂ ಕಂಡುಬರುವುದಿಲ್ಲವಾದ್ದರಿಂದ ಅದನ್ನು ಪ್ರಕ್ಷಿಪ್ತವೆಂದು ಕೈಬಿಟ್ಟಿದ್ದೇನೆ.

ಈಗ ಪ್ರಥಮ ಸೂತ್ರ: “ಆಯ್ತು.”

ಬೆಳಗ್ಗೆ ಎಂಟೂಕಾಲು ಗಂಟೆ. ನಾನು ಜಗುಲಿಯಲ್ಲಿ ಕುಳಿತು ವೃತ್ತಪತ್ರಿಕೆಯ ಮೂರನೆಯ ಪುಟದಲ್ಲಿದ್ದೆ. ಆಗ ಒಳಗಿನಿಂದ ಈ ಸೂತ್ರ ಹೊರಬಿದ್ದಿತು. ಏನು ಆಯಿತು? ವಾಕ್ಯದಲ್ಲಿ ಕರ್ತೃಪದವಿಲ್ಲ. ಅಧ್ಯಾಹಾರ ಮಾಡಿಕೊಳ್ಳಬೇಕು. ತಿಂಡಿ ಆಯಿತೆಂದು ಒಂದು ಪಕ್ಷ. ನನ್ನ ಪತ್ರಿಕಾಪಠನಕ್ಕೆ ಕೊಟ್ಟ ಅವಧಿ ಆಯಿತೆಂದು ಎರಡನೆಯ ಪಕ್ಷ. ತನ್ನ ಸಹನೆ ಆಯಿತೆಂಬ ಮೂರನೆಯದೂ ಒಂದುಂಟು. ಆದರೆ ಅದು ಹೀಗೆ ಒಂದೇ ಪದದಲ್ಲಿ ನಿಲ್ಲದೆ ಪಾತ್ರೆಗಳ ಶಬ್ದದಿಂದ ಪುಷ್ಟವಾಗಿ ಬರುವುದು ರೂಢಿಯಾದ್ದರಿಂದ ಇಲ್ಲಿ ಸಲ್ಲದು. ಈ ಮೂರು ಪಕ್ಷಗಳನ್ನೂ ತೂಗಿ ನೋಡುತ್ತಿದ್ದ ನನ್ನ ಮೂಗಿಗೆ, ಹಬೆಯಲ್ಲಿ ಬೆಂದ ಉದ್ದು ಅಕ್ಕಿಗಳ ಆ ಸ್ವಲ್ಪವೇ ಹುಳಿಯಾದ ಪರಿಮಳ ತಾಕಿ, ಪ್ರತ್ಯಕ್ಷವು ಅನುಮಾನಕ್ಕಿಂತ ಬಲವತ್ತರವೆಂಬ ನ್ಯಾಯದಿಂದ ಮೊದಲನೆಯ ಪಕ್ಷವೇ ಸಿದ್ಧಾಂತವಾಯಿತು.

ಇಡ್ಡಲಿಯ ವಿಷಯದಲ್ಲಿ ಕನ್ನಡಿಗನಾದವನು ತೆಪ್ಪಗೆ ತಿಂದು ಏಳುವುದು ಉಚಿತವಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ಇಡ್ಡಲಿಗೆಯ ಹೆಸರು ಬರುತ್ತದೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವೆಂಬ ಸರ್ವಸಂಗ್ರಹವನ್ನು ಬರೆದು, ಮಳೆ ಬರುವ ಲಕ್ಷಣದಿಂದ ಹಿಡಿದು ಬಾವಿ ತೋಡುವ ಜಾಗದವರೆಗೆ ಗೃಹಸ್ಥನಿಗೆ ಬೇಕಾದದ್ದನ್ನೆಲ್ಲ ಹೇಳುತ್ತ, ಸೂಪಶಾಸ್ತ್ರದ ಭಾಗದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ರುಬ್ಬುವ ಕ್ರಮವನ್ನು ತಿಳಿಸಿದ್ದಾನೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು, ರಾಜ್ಯಭಾರದ ನಡುವೆ ಬಿಡುವು ಮಾಡಿಕೊಂಡು, ‘ಮಾನಸೋಲ್ಲಾಸ’ದಲ್ಲಿ ಇಡ್ಡರಿಕಾ ಎಂಬ ಭಕ್ಷ್ಯವನ್ನು ವರ್ಣಿಸಿದ್ದಾನೆ. ಈ ಪ್ರಾಚೀನರ ಇಡ್ಡಲಿಯಲ್ಲಿ ಉದ್ದೇ ಸರ್ವಸ್ವ, ಅಕ್ಕಿಯ ಸುಳಿವಿಲ್ಲ. ಇಷ್ಟನ್ನೂ ನಾನು ನಾಲ್ಕನೆಯ ಇಡ್ಡಲಿಗೆ ಚಟ್ನಿಯನ್ನು ಸವರುತ್ತ ಸಪ್ರಮಾಣವಾಗಿ ನಿವೇದಿಸಿ, ಆದಕಾರಣ ಇಂದು ನಾವು ತಿನ್ನುತ್ತಿರುವುದು ಶುದ್ಧವಾದ ಇಡ್ಡಲಿಯಲ್ಲ, ಅರ್ವಾಚೀನರಿಂದ ಅಕ್ಕಿ ಬೆರೆತ ಸಂಕರವೆಂದು ಉಪಸಂಹಾರ ಮಾಡಿದೆ.

“ಅಕ್ಕಿ ಇಲ್ದಿದ್ರೆ ಅದು ವಡೆ” ಎಂದಳು ಆಕೆ.

ಸೋಮೇಶ್ವರನ ಇಡ್ಡರಿಕೆಯನ್ನು ತುಪ್ಪದಲ್ಲಿ ಕರಿಯುತ್ತಿದ್ದರೆಂಬುದು ಆಮೇಲೆ ನನ್ನ ನೆನಪಿಗೆ ಬಂದಿತು. ಅದನ್ನು ನಾನು ಹೇಳಲಿಲ್ಲ. ಸೂತ್ರಕರ್ತ್ರಿಯು ಗ್ರಂಥಾವಲೋಕನವಿಲ್ಲದೆಯೇ ಮೂಲವನ್ನು ಮುಟ್ಟುವಳೆಂಬುದು ಬಹಿರಂಗವಾದರೆ ಭಾಷ್ಯಕಾರನ ವೃತ್ತಿಗೆ ಚ್ಯುತಿ.

ಈ ಪ್ರಕರಣದಲ್ಲಿ ಬಿಡಿಸಲಾಗದ ಗಂಟೊಂದು ಉಳಿಯಿತು. ಒಂದೇ ಒಬ್ಬೆ ಇಡ್ಡಲಿಯನ್ನು ಇಳಿಸಿ, ಪಾತ್ರೆಯಲ್ಲಿ ಅರ್ಧಕ್ಕಿಂತ ಮೇಲೆಯೇ ಹಿಟ್ಟು ಇರುವಾಗ, ಆಕೆ ಅದರ ಮೇಲೆ ತಟ್ಟೆ ಮುಚ್ಚಿ ಮೂಲೆಗೆ ಸರಿಸಿದಳು. ಇಬ್ಬರೇ ಇರುವ ಮನೆಯಲ್ಲಿ ಇಷ್ಟು ಹಿಟ್ಟನ್ನು ರುಬ್ಬಿದ್ದೇಕೆ? ರುಬ್ಬಿದ ಮೇಲೆ ಇನ್ನೊಂದು ಒಬ್ಬೆ ಹಾಕದೆ ಉಳಿಸಿದ್ದೇಕೆ? ಕೇಳಿದೆ. “ಇರ್ಲಿ” ಎಂಬ ಅರ್ಧಸೂತ್ರ ದೊರೆಯಿತು. ಇದಕ್ಕೆ ನಾನು ಸಂಜೆಯವರೆಗೂ ಭಾಷ್ಯ ಬರೆಯಲಾರದೆ ಹೋದೆ.

ದ್ವಿತೀಯ ಸೂತ್ರವು ಹತ್ತು ಗಂಟೆಗೆ ಅವತರಿಸಿತು: “ಒಂದೆಸಳು ಕರಿಬೇವು ತನ್ನಿ.”

ಇದು ನೋಡುವುದಕ್ಕೆ ಸರಳ, ಕೆದಕಿದರೆ ಸಮುದ್ರ. ಒಂದೆಸಳು ಎಂದರೆ ಎಷ್ಟು? ಕಡ್ಡಿಯೊಂದರ ಎರಡು ಪಕ್ಕಗಳಲ್ಲಿಯೂ ಹತ್ತು ಹದಿನೈದು ಪುಟ್ಟ ಎಲೆಗಳು ಜೋಡಿಸಿಕೊಂಡಿರುವ ಸಮುದಾಯವನ್ನು ಅಡುಗೆಮನೆಯ ಪರಂಪರೆಯವರು ಎಸಳೆನ್ನುತ್ತಾರೆ. ಸಸ್ಯಶಾಸ್ತ್ರಜ್ಞರಾದರೋ, ಆ ಇಡೀ ಕಡ್ಡಿಯೇ ಒಂದು ಎಲೆ, ನಾವು ಎಲೆಗಳೆಂದು ಭ್ರಮಿಸಿರುವುದೆಲ್ಲ ಅದರ ಪತ್ರಕಗಳು ಮಾತ್ರವೆಂದು ವಾದಿಸುತ್ತಾರೆ. ಎರಡು ಮತಗಳಿಂದಲೂ ಕೊನೆಗೆ ಒಗ್ಗರಣೆಗೆ ಬೀಳುವುದು ಒಂದೇ ವಸ್ತುವಾದರೂ, ಇಂಥ ಕಡೆಯಲ್ಲಿ ನಿಶ್ಚಯವಿಲ್ಲದೆ ಗಿಡಕ್ಕೆ ಕೈಹಾಕುವುದು ಪಂಡಿತನಾದವನಿಗೆ ಸಲ್ಲದು. ಹೆಸರಿನ ವಿಚಾರವೂ ಹಾಗೆಯೇ. ಕರಿಬೇವು ಬೇವಲ್ಲ. ಅದು ನಿಂಬೆ ಕಿತ್ತಲೆಗಳ ವಂಶಕ್ಕೆ ಸೇರಿದ್ದು. ಬೇವಿಗೂ ಅದಕ್ಕೂ ಎಲೆಯ ರೂಪದಲ್ಲಿ ಹೋಲಿಕೆಯುಂಟು, ವಂಶ ಮಾತ್ರ ಬೇರೆ. ತರಂಗಂಬಾಡಿಗೆ ಬಂದು ನೆಲೆಸಿದ್ದ ಲಿನೇಯಸ್ಸನ ಶಿಷ್ಯ ಕೋನಿಗ್ ಎಂಬಾತನ ಹೆಸರನ್ನು ವಿಜ್ಞಾನಿಗಳು ಇದಕ್ಕೆ ಅಂಟಿಸಿದ್ದಾರೆ. ನಮ್ಮ ಸಾರಿನಲ್ಲಿ ತೇಲಿ, ತಟ್ಟೆಯ ಅಂಚಿಗೆ ಸರಿಸಲ್ಪಡುವ ಆ ಎಲೆಗೆ ಅಷ್ಟು ದೂರದ ಪಂಡಿತನೊಬ್ಬನ ಹೆಸರು! ಕೀರ್ತಿಯು ಯಾರನ್ನು ಎಲ್ಲಿ ಸೇರಿಸುವುದೋ ಹೇಳಬರುವುದಿಲ್ಲ.

ಹಿತ್ತಲೆಂದು ನಾನು ಗೌರವದಿಂದ ಕರೆಯುವ ಜಾಗವು ಹನ್ನೆರಡು ಅಡಿಗೆ ಹದಿನೈದು ಅಡಿ. ಇದರಲ್ಲಿ ಒಂದು ಕರಿಬೇವಿನ ಗಿಡ, ಒಂದು ನುಗ್ಗೆ, ಗೋಡೆಗೆ ಹಬ್ಬಿದ ಬಸಳೆ, ದೊಡ್ಡಪತ್ರೆಯ ಒಂದು ಮಡಿ, ನಾಲ್ಕು ಬದನೆ, ಮೂರು ಟೊಮೇಟೊ, ಒಂದು ಕೆಂಪು ದಾಸವಾಳ, ಹಾಗೂ ನಾನು ಎರಡು ವರ್ಷಗಳಿಂದ ಗುಲಾಬಿಯೆಂದು ಪ್ರತಿಪಾದಿಸುತ್ತಿರುವ ಮುಳ್ಳಿನ ಕೋಲೊಂದು ಇರುತ್ತವೆ. ಕ್ಷೇತ್ರ ಅಲ್ಪವಾದರೂ ಶಾಸ್ತ್ರ ಅಲ್ಪವಲ್ಲ. ಸುರಪಾಲನ ‘ವೃಕ್ಷಾಯುರ್ವೇದ’ವನ್ನು ಓದಿದಂದಿನಿಂದ ನನಗೆ ಕುಣಪಜಲದ ಮೇಲೆ ಮನಸ್ಸು ಹೋಗಿದ್ದಿತು. ಪ್ರಾಣಿಗಳ ಮಾಂಸ ಮಜ್ಜೆಗಳನ್ನು ಬೇಯಿಸಿ, ಎಳ್ಳಿನ ಹಿಂಡಿ, ಜೇನುತುಪ್ಪ ಮೊದಲಾದುವನ್ನು ಸೇರಿಸಿ ಕೊಳೆಯಿಸಿ ಗಿಡಗಳಿಗೆ ಉಣಿಸತಕ್ಕ ದ್ರವ ಅದು. ನಮ್ಮ ಮನೆಯಲ್ಲಿ ಮಾಂಸದ ಪ್ರಸಕ್ತಿಯಿಲ್ಲವಾದ್ದರಿಂದ, ಮುಖ್ಯವಿಲ್ಲದೆಡೆ ಪ್ರತಿನಿಧಿದ್ರವ್ಯವನ್ನು ಗ್ರಹಿಸಬಹುದೆಂಬ ಮೀಮಾಂಸಾನ್ಯಾಯವನ್ನು ಆಶ್ರಯಿಸಿ, ಕಡಲೆಕಾಯಿ ಹಿಂಡಿಯನ್ನು ಹಳೆಯ ಬಣ್ಣದ ಡಬ್ಬಿಯಲ್ಲಿ ನೆನೆಹಾಕಿ, ಬಾಯಿ ಕಟ್ಟಿ, ಒಂಬತ್ತು ದಿನ ಕಾದೆ. ಹತ್ತನೆಯ ದಿನ ಬಾಯಿ ಬಿಚ್ಚಿದಾಗ ಪಕ್ಕದ ಮನೆಯ ಕಿಟಕಿಗಳು ಒಂದಾದಮೇಲೊಂದು ಮುಚ್ಚಿಕೊಂಡ ಕ್ರಮವು, ಸಂಧ್ಯಾಕಾಲದಲ್ಲಿ ಕಮಲಗಳು ಮುಚ್ಚಿಕೊಳ್ಳುವುದನ್ನು ಕುರಿತ ಕವಿಸಮಯವನ್ನು ನೆನಪಿಗೆ ತರುವಂತಿದ್ದಿತು. ಪ್ರತಿನಿಧಿದ್ರವ್ಯವು ಗುಣದಲ್ಲಿ ಏನೇ ಆಗಲಿ, ಗಂಧದಲ್ಲಿ ಮುಖ್ಯಕ್ಕೆ ಎಳ್ಳಷ್ಟೂ ಕಡಮೆಯಿಲ್ಲವೆಂದು ಸುರಪಾಲನಿಗೆ ಪ್ರಮಾಣಪತ್ರ ಕೊಡಬಲ್ಲೆ.

ಇನ್ನೊಂದು ಸಂಗತಿ. ತರುಣಿಯ ಪಾದತಾಡನದಿಂದ ಅಶೋಕವೂ, ಆಕೆ ಉಗುಳಿದ ಮದ್ಯದಿಂದ ಬಕುಳವೂ ಹೂ ಬಿಡುವುವೆಂಬ ದೋಹದದ ಪ್ರಸಿದ್ಧಿಯನ್ನು ಸಂಸ್ಕೃತ ಕಾವ್ಯಗಳ ಪರಿಚಯವುಳ್ಳವರೆಲ್ಲ ಬಲ್ಲರು. ನನ್ನ ಬದನೆಯ ಗಿಡಗಳಲ್ಲಿ ಹಿಂಡಿಯ ನೀರುಂಡ ಮೂರು ಗಿಡಗಳು ಎಲೆಯನ್ನು ಮಾತ್ರ ಬೆಳೆಸಿ ಕುಳಿತಿದ್ದರೆ, ಬಚ್ಚಲ ಪಕ್ಕದ ನಾಲ್ಕನೆಯದು, ಸೂತ್ರಕರ್ತ್ರಿಯು ದಿನವೂ ಅಕ್ಕಿ ತೊಳೆದ ನೀರನ್ನು ನೋಡದೆಯೇ ಆಚೆಗೆ ಎರಚುವುದರಿಂದ, ಏಳು ಕಾಯಿಗಳನ್ನು ಬಿಟ್ಟಿದೆ. ಇದನ್ನು ನಾನು ತಂಡುಲೋದಕದೋಹದವೆಂದು ಹೆಸರಿಸಿ ಟಿಪ್ಪಣಿ ಮಾಡಿಟ್ಟಿದ್ದೇನೆ. ಆಕೆಗೆ ಹೇಳಲಾಗಿ, “ಅದಕ್ಕೇ ಅಲ್ಲಿ ಎರಚೋದು” ಎಂದಳು. ನೋಡದೆ ಎರಚುವಳೆಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕರಿಬೇವಿನ ಗಿಡದ ಬುಡಕ್ಕೆ ನಾನು ಬಂದು ಸೇರಿದಾಗ ಹತ್ತೂಮುಕ್ಕಾಲು. ಒಂದು ಎಸಳಿಗೆ ಕೈ ಚಾಚಿದೆ. ಅದರ ಮೇಲೆ ಹಕ್ಕಿಯ ಹಿಕ್ಕೆ. ಇನ್ನೊಂದಕ್ಕೆ ಚಾಚಿದೆ, ಅಲ್ಲಿಯೂ ಹಿಕ್ಕೆ. ಮೂರನೆಯ ಹಿಕ್ಕೆಯು ನಿಧಾನವಾಗಿ ನಡೆಯಲು ಆರಂಭಿಸಿತು. ನಿಂಬೆಯ ಜಾತಿಯ ಗಿಡಗಳಲ್ಲಿ ಮೊಟ್ಟೆಯಿಡುವ ಬಾಲದ ಚಿಟ್ಟೆಗಳ ಮರಿಹುಳುಗಳು ಎಳೆತನದಲ್ಲಿ ಹಕ್ಕಿಗಳ ಕಣ್ಣಿಗೆ ಮಣ್ಣೆರಚುವುದಕ್ಕಾಗಿ ಅವುಗಳದೇ ಹಿಕ್ಕೆಯ ವೇಷವನ್ನು ಧರಿಸುವುವು. ಬಲಿತಮೇಲೆ ಆ ವೇಷವನ್ನು ಕಳಚಿ ಎಲೆಯದೇ ಹಸುರನ್ನು ಉಡುವುವು. ಅಂಥ ಹಸುರಾದುದೊಂದನ್ನು ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಎರಡು ಕೆಂಪಾದ ಕೊಂಬುಗಳನ್ನು ಹೊರಚಾಚಿ, ಘಾಟಾದ ವಾಸನೆಯೊಂದನ್ನು ಬಿಟ್ಟಿತು. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವನಿಗೆ, ಮುಟ್ಟಿದ ಕೂಡಲೇ ಕೊಂಬು ತೋರುವ ಪ್ರಾಣಿಯ ಪರಿಚಯ ಹೊಸದಲ್ಲ; ಹಿಂದಕ್ಕೆ ಸರಿದು ಕುಕ್ಕುರುಗಾಲಿನಲ್ಲಿ ಕುಳಿತು ನೋಡುತ್ತ ಇದ್ದೆ. ಅದು ಎಲೆಯ ಅಂಚನ್ನು ಹಿಡಿದು ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ತೆಂಗಿನಕಾಯಿ ತುರಿಯುವ ಶ್ರದ್ಧೆಯಿಂದ ತಿನ್ನುತ್ತಿತ್ತು. ಕಾಲ ಹೋದದ್ದು ತಿಳಿಯಲಿಲ್ಲ. ಹುಳುವಿಲ್ಲದ ಎಸಳೊಂದನ್ನು ಹುಡುಕಿ ಕಿತ್ತು ನಾನು ಒಳಕ್ಕೆ ಬಂದಾಗ ಹನ್ನೆರಡೂವರೆ, ಎಸಳನ್ನು ನೀಡಿದೆ.

“ಅಲ್ಲಿಡಿ” ಎಂದಳು.

ಸಾರಿಗೆ ಒಗ್ಗರಣೆ ಬಿದ್ದು ಬಹಳ ಹೊತ್ತಾಗಿದ್ದಿತು. ಅದರಲ್ಲಿ ಕರಿಬೇವು ಇದ್ದಿತು! ಸಂತೆಯಿಂದ ತಂದ ಕರಿಬೇವು ಡಬ್ಬಿಯಲ್ಲಿ ಮೊದಲೇ ಇದ್ದುದೆಂದು ವಿಚಾರಣೆಯಿಂದ ಹೊರಪಟ್ಟಿತು. ಹಾಗಾದರೆ ನನ್ನನ್ನು ಹಿತ್ತಲಿಗೆ ಕಳುಹಿಸಿದ್ದೇಕೆ? ಇಲ್ಲಿ ಅಲಂಕಾರಶಾಸ್ತ್ರ ನೆರವಿಗೆ ಬರಬೇಕು. ಪದಗಳಿಗೆ ಅಭಿಧೆ, ಲಕ್ಷಣೆ, ವ್ಯಂಜನೆಯೆಂಬ ಮೂರು ಶಕ್ತಿಗಳುಂಟು. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂದರೆ, ಹೊಳೆಯ ನೀರಿನೊಳಗೆ ಹಳ್ಳಿಯಿರಲಾರದಾದ್ದರಿಂದ, ವಾಚ್ಯಾರ್ಥವು ಬಾಧಿತವಾಗಿ ದಡದ ಮೇಲೆಂಬ ಲಕ್ಷ್ಯಾರ್ಥವು ಬರುವುದಷ್ಟೆ. ಅಂತೆಯೇ, ಡಬ್ಬಿಯಲ್ಲಿ ಕರಿಬೇವಿರುವಾಗ ಕರಿಬೇವು ತರಬೇಕೆಂಬ ವಿಧಿಯು ವ್ಯರ್ಥವಾಗಿ, ಮುಖ್ಯಾರ್ಥಬಾಧೆಯುಂಟಾಗಿ, ಭಾಷ್ಯಕಾರನು ಅಡುಗೆಮನೆಯ ಬಾಗಿಲಿನಿಂದ ಎರಡೂವರೆ ಗಂಟೆಗಳ ಕಾಲ ಆಚೆ ಇರತಕ್ಕದ್ದೆಂಬ ನಿರ್ವಾಸನಾರ್ಥವು ಸಿದ್ಧಿಸುತ್ತದೆ. ಈ ಶೋಧನೆಯಿಂದ ನನಗೆ ಅವಮಾನವಾಗಬೇಕಾಗಿತ್ತು, ಆದದ್ದು ಸಂತೋಷ. ಸೂತ್ರಕರ್ತ್ರಿಯ ಮಾತು ಎಂದಿಗೂ ಮಾತಿನ ಅರ್ಥದಲ್ಲಿಲ್ಲ, ಅದರ ಹಿಂದೆ ಇದೆ ಎಂಬ ಮಹಾಸಿದ್ಧಾಂತವನ್ನು ನಾನು ಕೈತೊಳೆಯುವುದರೊಳಗೆ ಸ್ಥಾಪಿಸಿಬಿಟ್ಟೆ.

ಮಧ್ಯಾಹ್ನದ ಊಟದಲ್ಲಿ ವಿವಾದಾಸ್ಪದವಾದದ್ದು ಕ್ರಮವೊಂದೇ. ನಮ್ಮಲ್ಲಿ ಸಾರು ಮೊದಲು, ಹುಳಿ ಆಮೇಲೆ. ತಮಿಳು ಮನೆಗಳಲ್ಲಿ ಸಾಂಬಾರು ಮೊದಲು, ರಸ ಆಮೇಲೆ. ತೆಳುವಾದುದರಿಂದ ಗಟ್ಟಿಯಾದುದಕ್ಕೆ ಏರುವುದು ಆರೋಹಣಕ್ರಮವೆಂದೂ, ಅದರ ವಿಪರ್ಯಾಸವು ಅವರೋಹಣವೆಂದೂ, ಸಂಗೀತದಲ್ಲಿ ಆರೋಹಣವೇ ಮೊದಲಾದ್ದರಿಂದ ನಮ್ಮ ಪಕ್ಷವೇ ನಾದಶಾಸ್ತ್ರಸಮ್ಮತವೆಂದೂ ನಾನು ವಾದಿಸಬಲ್ಲೆ. 1508ರ ಸುಮಾರಿನ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂದು ಅಡುಗೆಯನ್ನೇ ಷಟ್ಪದಿಯಲ್ಲಿ ಬರೆದನು, ಬದನೆಯಂಥ ಕಾಯಿಪಲ್ಯಗಳನ್ನು ಆರು ಪಾದಗಳಲ್ಲಿ ಪ್ರಾಸಸಹಿತವಾಗಿ ಬೇಯಿಸಬಲ್ಲವರು ಇಂದು ಎಲ್ಲಿ? ಆ ದಿನದ ಪಲ್ಯ ಬಚ್ಚಲ ಪಕ್ಕದ ಬದನೆಯದು. ಮೂರು ಸಲ ಹಾಕಿಸಿಕೊಂಡೆ.

ನಿದ್ರಾಪ್ರಕರಣವನ್ನು ವಿಸ್ತರಿಸುವುದಿಲ್ಲ. ಸುಷುಪ್ತಿಯಲ್ಲಿ ಭಾಷ್ಯಕಾರನ ಅಂತಃಕರಣವು ಲೀನವಾಗಿದ್ದುದರಿಂದ ಆ ಕಾಲಕ್ಕೆ ಪ್ರತ್ಯಕ್ಷಪ್ರಮಾಣವಿಲ್ಲ. ಇರುವುದು ಶಬ್ದಪ್ರಮಾಣವೊಂದೇ, ಅದೂ ಬೀದಿಯವರೆಗೆ ಕೇಳಿಸುತ್ತಿತ್ತೆಂದು ಇತರರ ಹೇಳಿಕೆ.

ಸಂಜೆ ಐದು ಗಂಟೆಗೆ ನಾನು ಪಂಚೆಯುಟ್ಟು, ಕೊಡೆ ಹಿಡಿದು, ಸ್ನೇಹಿತರೊಡನೆ ಗಾಂಧೀ ಬಜಾರಿನ ವಿದ್ಯಾರ್ಥಿ ಭವನಕ್ಕೆ ಮಸಾಲೆ ದೋಸೆ ತಿನ್ನಲು ಹೋಗುವೆನೆಂದೂ, ರಾತ್ರಿಗೆ ನನಗೆ ಅಡುಗೆ ಬೇಡವೆಂದೂ ತಿಳಿಸಿದೆ. ಆಗ ತೃತೀಯ ಸೂತ್ರವು ಹುಟ್ಟಿತು: “ಇವತ್ತು ಶುಕ್ರವಾರ.”

ಬೆಳಗಿನಿಂದ ಸಿದ್ಧಪಡಿಸಿಕೊಂಡಿದ್ದ ಶಾಸ್ತ್ರದ ಸಮಸ್ತ ಸಾಮಗ್ರಿಯನ್ನೂ ನಾನು ಈ ಸೂತ್ರದ ಮೇಲೆ ಪ್ರಯೋಗಿಸಿದೆನೆಂಬುದನ್ನು ಓದುಗರು ಗಮನಿಸಬೇಕು. ಮೀಮಾಂಸಕರು ತಾತ್ಪರ್ಯನಿರ್ಣಯಕ್ಕೆ ಆರು ಲಿಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅಭ್ಯಾಸವೆಂದರೆ ಪುನರುಕ್ತಿ. ನಾನು ಚಪ್ಪಲಿ ಮೆಟ್ಟುತ್ತಿರುವಾಗ ಆಕೆ “ಶುಕ್ರವಾರ ಅಂದೆ” ಎಂದು ಮತ್ತೊಮ್ಮೆ ಹೇಳಿದ್ದರಿಂದ ಅಭ್ಯಾಸವುಂಟು, ಆದಕಾರಣ ತಾತ್ಪರ್ಯವೂ ಉಂಟು. ಆದರೆ ಅಪೂರ್ವತೆಯಿಲ್ಲ. ಬೇರೆ ಪ್ರಮಾಣದಿಂದ ತಿಳಿಯದೆ ಇರುವುದನ್ನು ತಿಳಿಸಿದರೆ ಮಾತ್ರ ವಾಕ್ಯಕ್ಕೆ ಪ್ರಾಮಾಣ್ಯ. ಗೋಡೆಯ ಮೇಲಿನ ಪಂಚಾಂಗದ ಹಾಳೆಯಿಂದಲೇ ತಿಳಿಯಬಹುದಾದ ವಾರದ ಹೆಸರನ್ನು ಹೇಳುವುದು ಬರಿಯ ಅನುವಾದ. ಹೀಗೆ ವಾಚ್ಯಾರ್ಥವು ನಿರರ್ಥಕವಾಗಲು, ಮಧ್ಯಾಹ್ನದ ಮಹಾಸಿದ್ಧಾಂತದ ಬಲದಿಂದ, ಇದರ ಹಿಂದಿನ ಅರ್ಥವೇನೆಂದು ಅರಸತಕ್ಕದ್ದಾಯಿತು. ಶುಕ್ರವಾರವೆಂದರೆ ಲಕ್ಷ್ಮಿ. ಲಕ್ಷ್ಮಿಯೆಂದರೆ ಪೂಜೆ. ಪೂಜೆಯೆಂದರೆ ಹೂವು. ಹೂವೆಂದರೆ ಗಾಂಧೀ ಬಜಾರು. ನಾನು ಹೋಗುತ್ತಿರುವುದೂ ಗಾಂಧೀ ಬಜಾರಿಗೆ. ಆಹಾ! ಬರುವಾಗ ಮಲ್ಲಿಗೆ ತನ್ನಿರೆಂದು ನೇರವಾಗಿ ಹೇಳುವುದಕ್ಕೆ ನಲವತ್ತೊಂದು ವರ್ಷಗಳ ಮೇಲೆಯೂ ಲಜ್ಜೆಯಿರುವುದಲ್ಲ ಎಂದು ನನ್ನ ಮನಸ್ಸು ಆರ್ದ್ರವಾಯಿತು. ತಿಳಿಯಿತೆಂಬಂತೆ ಮುಗುಳ್ನಕ್ಕು, “ಗೊತ್ತು ಬಿಡು” ಎಂದು ಹೊರಟೆ. ಆಕೆ ನನ್ನನ್ನು ನೋಡಿದ ನೋಟಕ್ಕೆ ಆಗ ನಾನು ಕೊಟ್ಟ ಅರ್ಥವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ನಾವು ಐವರು. ಒಬ್ಬರು ವಕೀಲರು, ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ಭೂಗರ್ಭಶಾಸ್ತ್ರದ ಮೇಷ್ಟ್ರು, ಒಬ್ಬರು ಏನೂ ಮಾತನಾಡದವರು, ಆದ್ದರಿಂದ ಅವರ ಅಭಿಪ್ರಾಯಕ್ಕೆ ನಮ್ಮಲ್ಲಿ ಬಹಳ ಬೆಲೆ. ನಮ್ಮ ಕೂಟ ಬುಧವಾರದ್ದು. ಆ ಬುಧವಾರ ಮಳೆ ಹಿಡಿದುದರಿಂದ ಎರಡು ದಿನ ಮುಂದಕ್ಕೆ ಹಾಕಿಕೊಂಡಿದ್ದೆವು. ವಿಶ್ರಾಂತಿವೇತನದವರಿಗೆ ವಾರವೆಂಬುದು ಏಳು ಭಾನುವಾರಗಳ ಸಮುಚ್ಚಯವಾದ್ದರಿಂದ ಇದರಲ್ಲಿ ಯಾರಿಗೂ ದೋಷ ಕಾಣಲಿಲ್ಲ. ಗಾಂಧೀ ಬಜಾರಿನಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳ ರಾಶಿ ಎಂದಿಗಿಂತ ಇಮ್ಮಡಿಯಾಗಿ ಬಿದ್ದಿದ್ದಿತು. “ಶುಕ್ರವಾರ ಅಲ್ವಾ ಸ್ವಾಮಿ, ರೇಟು ಜಾಸ್ತಿ” ಎಂದು ಹೂವಿನವಳೂ ಹೇಳಿದಳು. ನಾನು ಎರಡು ಮೊಳ ಮಲ್ಲಿಗೆ ಕೊಂಡು, ಕೊಡೆಯ ಹಿಡಿಗೆ ಸುತ್ತಿಕೊಂಡು, ಸ್ತ್ರೀಯರ ವಾಕ್ಯಗಳನ್ನು ಅರ್ಥಮಾಡಿಕೊಳ್ಳುವ ರೀತಿಯನ್ನು ಕುರಿತು ವಕೀಲರಿಗೆ ಉಪದೇಶಿಸುತ್ತ ಮುಂದೆ ನಡೆದೆ.

ನಡೆಯುತ್ತಿರುವಾಗಲೇ ದೋಸೆಯ ಪೂರ್ವಾನುಭವವು ಪ್ರಾರಂಭವಾಗಿತ್ತು. 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಹುಟ್ಟಿ ಅದೇ ಹೆಸರನ್ನು ಉಳಿಸಿಕೊಂಡಿರುವ ಆ ಹೋಟೆಲಿನಲ್ಲಿ, ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ರೇಖಾಚಿತ್ರಗಳ ಕೆಳಗೆ ಕುಳಿತು, ಬಡಿಸುವಾತನು ಒಂದರ ಮೇಲೊಂದು ಪೇರಿಸಿದ ತಟ್ಟೆಗಳನ್ನು ಮುಂಗೈಯಿಂದ ಭುಜದವರೆಗೆ ಗೋಪುರದಂತೆ ಹೊತ್ತು ಬರುವುದನ್ನು ನೋಡುವುದೇ ಒಂದು ಸ್ಥಾಪತ್ಯದರ್ಶನ. ದಪ್ಪವಾಗಿ, ಹೊರಗೆ ಗರಿಯಾಗಿ ಒಳಗೆ ಮೆತ್ತಗಿರುವ ಆ ದೋಸೆಗೆ ಸಾಂಬಾರಿನ ಹಂಗಿಲ್ಲ, ಚಟ್ನಿಯೊಂದೇ ಪರಿವಾರ. ಇಷ್ಟನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಐವರೂ ಬಾಗಿಲಿನ ಎದುರಿಗೆ ನಿಂತೆವು. ಎಂದಿನ ಜನಜಂಗುಳಿಯಿಲ್ಲ. “ನಮ್ಮ ಅದೃಷ್ಟ, ಇವತ್ತು ಖಾಲಿಯಿದೆ” ಎಂದರು ಬ್ಯಾಂಕಿನವರು. ಬಾಗಿಲು ಮುಚ್ಚಿದ್ದಿತು.

ಶುಕ್ರವಾರ ಆ ಹೋಟೆಲಿಗೆ ವಾರದ ರಜ.

ಬಸವನಗುಡಿಯಲ್ಲಿ ಹುಟ್ಟಿದ ಮಗುವೂ ಅರಿತಿರುವ ಈ ಸಂಗತಿಯನ್ನು ಐವರು ವೃದ್ಧರು, ಒಟ್ಟು ಮುನ್ನೂರ ನಲವತ್ತು ವರ್ಷಗಳ ಅನುಭವವುಳ್ಳವರು, ಮರೆತು ನಿಂತೆವು. ಸೂತ್ರವು ನನ್ನ ಕಿವಿಯಲ್ಲಿ ಮತ್ತೆ ಮೊಳಗಿತು: ಇವತ್ತು ಶುಕ್ರವಾರ. ಲಕ್ಷಣೆಯಿಲ್ಲ, ವ್ಯಂಜನೆಯಿಲ್ಲ, ಲಕ್ಷ್ಮಿಯ ಪ್ರಸ್ತಾಪವೂ ಇಲ್ಲ. ವಕೀಲರು ನನ್ನ ಕೊಡೆಯ ಹಿಡಿಯಲ್ಲಿದ್ದ ಮಲ್ಲಿಗೆಯನ್ನು ನೋಡಿ, “ಮತ್ತೆ ಆ ವಾಕ್ಯಾರ್ಥ ಏನು ಅಂದಿರಿ?” ಎಂದು ಕೇಳಿದರು. ಪಾಟೀಸವಾಲು ಮಾಡಿ ಅಭ್ಯಾಸವಾದವರು.

ಬರಿಹೊಟ್ಟೆಯಲ್ಲಿ ಮನೆಗೆ ಹೋಗಲು ನಾಚಿಕೆಯಾಗಿ, ಕಡಲೆಕಾಯಿ ಪೊಟ್ಟಣಗಳನ್ನು ಹಿಡಿದು ಕಹಳೆಬಂಡೆಯ ಮೇಲೆ ಹೋಗಿ ಕುಳಿತೆವು. ಅಲ್ಲಿ ಭೂಗರ್ಭಶಾಸ್ತ್ರದ ಮೇಷ್ಟ್ರು, ನಾವು ಕುಳಿತಿರುವ ಶಿಲೆಯು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದೂ, ಲಾಲ್‌ಬಾಗಿನ ಬಂಡೆಯೂ ಇದರ ದಾಯಾದಿಯೇ ಎಂದೂ, ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿದ್ದ ಸ್ಮೀತ್ ಎಂಬ ವಿ‌ದ್ವಾಂಸನು ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟನೆಂದೂ ವಿವರಿಸಿ, ಇಂಥ ಕಾಲಪ್ರಮಾಣದ ಮುಂದೆ ಒಂದು ಶುಕ್ರವಾರವೆಷ್ಟರದು ಎಂದು ನಮ್ಮನ್ನು ಸಂತೈಸಿದರು. ಮುನ್ನೂರು ಕೋಟಿ ವರ್ಷಗಳಲ್ಲಿ ಎಷ್ಟು ಶುಕ್ರವಾರಗಳು ಬಂದಿರಬಹುದೆಂದು ಬ್ಯಾಂಕಿನವರು ಪೊಟ್ಟಣದ ಕಾಗದದ ಮೇಲೆ ಲೆಕ್ಕ ಹಾಕತೊಡಗಿದರು. ಕೆಳಗಿಳಿದು ಒಂದು ಕಡೆ ಕಾಫಿಗೆ ನಿಂತೆವು. ಇಬ್ಬರಿದ್ದರೆ ಬೈ ಟೂ ಎಂಬುದು ಈ ಊರಿನ ಅದ್ವೈತ. ಐವರಿಗೆ ಮೂರು ಕಾಫಿಯನ್ನು ಹಂಚುವಾಗ ಆ ದರ್ಶನವು ಭಿನ್ನರಾಶಿಗೆ ತಿರುಗುತ್ತದೆ. ಮಾತನಾಡದ ಸ್ನೇಹಿತರು ಆಗ ಮೊದಲ ಬಾರಿಗೆ ಬಾಯಿ ತೆರೆದು, “ಹಸಿವು” ಎಂದರು. ಅಲ್ಲಿಗೆ ಅತ್ಯಂತ ಸಮೀಪದ ಮನೆ ನಮ್ಮದು.

ಬಾಗಿಲು ಬಡಿಯುವ ಮೊದಲೇ ತೆರೆದಿದ್ದಿತು. ಒಳಗಿನಿಂದ ಕಾದ ಕಾವಲಿಯ ವಾಸನೆ. ಬೆಳಗ್ಗೆ ಮುಚ್ಚಿಟ್ಟ ಹಿಟ್ಟು, ಹಗಲೆಲ್ಲ ಇನ್ನಷ್ಟು ಹುಳಿಯೇರಿ, ಉಬ್ಬಿ, ಕೊಂಚ ನೀರು ಕಂಡು, ದೋಸೆಯ ಹದಕ್ಕೆ ಬಂದು ಕುಳಿತಿದ್ದಿತು. ನಡುಮನೆಯಲ್ಲಿ ತಟ್ಟೆಗಳು ಹಾಕಿದ್ದುವು, ಎಣಿಸಿದೆ, ಐದು. ಪಕ್ಕದಲ್ಲಿ ಆಲೂಗೆಡ್ಡೆಯ ಪಲ್ಯ. ಅದರ ಮೇಲೆ, ಎಣ್ಣೆಯಲ್ಲಿ ಚಟಪಟನೆ ಸಿಡಿದು ಗರಿಗರಿಯಾದ ಕರಿಬೇವು. ಡಬ್ಬಿಯದು ಮಧ್ಯಾಹ್ನದ ಒಗ್ಗರಣೆಗೇ ತೀರಿತ್ತಂತೆ. ಒಂದೆಸಳು, ಹುಳು ಮುಟ್ಟದ, ನನ್ನ ಕೈಯ ಎಸಳು. ಆಕೆಗೆ ಕರಿಬೇವು ಬೇಕಾಗಿತ್ತು, ಕೇಳಿದ್ದಳು. ಮಧ್ಯಾಹ್ನ ನಾನು ಸ್ಥಾಪಿಸಿದ ಮಹಾಸಿದ್ಧಾಂತವು ಪಲ್ಯದ ಬಾಣಲೆಯಲ್ಲಿ ಹೀಗೆ ಖಂಡಿತವಾಗಿ ಬಿದ್ದಿರುವುದನ್ನು ಕಂಡು, ನಾನು ಕೊಡೆಯ ಹಿಡಿಯಿಂದ ಮಲ್ಲಿಗೆಯನ್ನು ಬಿಚ್ಚಿ ಕೊಟ್ಟೆ.

ಆಕೆ ಅದನ್ನು ತೆಗೆದುಕೊಂಡು, ಮೂಸಿ ನೋಡಿ, ಎಷ್ಟು ಕೊಟ್ಟಿರೆಂದು ಕೇಳಿದಳು. ಹೇಳಿದೆ. “ಶುಕ್ರವಾರ” ಎಂದು ತನ್ನಲ್ಲಿಯೇ ನುಡಿದು ತುರುಬಿಗೆ ಮುಡಿದುಕೊಂಡಳು. ಈ ಪ್ರಯೋಗಕ್ಕೆ ಭಾಷ್ಯ ಬರೆಯಬೇಕೆಂದು ನನ್ನ ಬಾಯಿ ತೆರೆಯಿತು.

“ಕೈ ತೊಳ್ಕೊಳ್ಳಿ” ಎಂದಳು. ಐವರೂ ಬಚ್ಚಲಿಗೆ ಹೋದೆವು.